ಕೆಲಸಕ್ಕೆ ಬಾರದ ಭಾಷೆಯಲ್ಲಿ ಒಂದು ‘ಅ’

ಸರ್, ನೀವು ಕೇಳಿದ್ದು ಎರಡು. ಯಾರೂ ಕೆಲಸಕ್ಕೆ ಬಳಸದ ಪ್ರೋಗ್ರಾಮಿಂಗ್ ಭಾಷೆಗಳನ್ನು ಜನ ಯಾಕೆ ಮಾಡುತ್ತಾರೆ, ಸುಮ್ನೆ ಟೈಮ್‌ಪಾಸಾ? ಒಂದು ಕೈ ನೋಡೋಣ ಅಂದರೆ ಯಾವುದರಿಂದ ಶುರು ಮಾಡಬೇಕು?

ಟೈಮ್‌ಪಾಸೇ, ಮುಚ್ಚಿಡೋದೇನಿದೆ. ಆದರೆ ಅವಧಾನದಲ್ಲಿ ನಿಷೇಧಾಕ್ಷರಿ ನೋಡಿದ್ದೀರಲ್ವಾ? ಅವಧಾನಿಗಳು ಒಂದು ಅಕ್ಷರ ಹೇಳುತ್ತಾರೆ, ಪೃಚ್ಛಕರು ಮುಂದೆ ಇಂಥ ಅಕ್ಷರ ಬೇಡ ಅನ್ನುತ್ತಾರೆ. ಪದ್ಯ ಕಟ್ಟೋಕೆ ಅದು ಸುಲಭದ ದಾರಿ ಅಲ್ಲವೇ ಅಲ್ಲ. ಆದರೂ ಸಭೆ ಕದಲದೆ ಕೂತಿರುತ್ತದೆ. ಇದೂ ಅದೇ ಜಾತಿಯ ಆಟ.

ಈ ಆಟ ಹೊಸದೂ ಅಲ್ಲ. 1972ರಲ್ಲೇ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾನ್ ವುಡ್ಸ್, ಜೇಮ್ಸ್ ಲಯನ್ ಅನ್ನೋ ಇಬ್ಬರು ವಿದ್ಯಾರ್ಥಿಗಳು ಇಂಟರ್‌ಕಾಲ್ ಅನ್ನೋ ಭಾಷೆ ಮಾಡಿದರು. ಅದರಲ್ಲಿ ಆಗಾಗ ‘ಪ್ಲೀಸ್’ ಅಂತ ಬರೆಯಬೇಕು. ಕಡಿಮೆಯಾದರೆ ಮರ್ಯಾದೆ ಸಾಲದು ಅಂತ ಕಂಪೈಲರ್ (ನಾವು ಬರೆದದ್ದನ್ನು ಕಂಪ್ಯೂಟರಿಗೆ ಅರ್ಥವಾಗೋ ಹಾಗೆ ತಿರುಗಿಸುವ ಪ್ರೋಗ್ರಾಮ್) ನಮ್ಮ ಪ್ರೋಗ್ರಾಮನ್ನು ವಾಪಸ್ ಕಳಿಸುತ್ತದೆ. ಜಾಸ್ತಿಯಾದರೂ ಕಳಿಸುತ್ತದೆ. ಸಾಲ ಕೇಳೋಕೆ ಬಂದವರು ಅತಿಯಾಗಿ ಕೈ ಮುಗಿದರೆ ನಮಗೂ ಅನುಮಾನ ಬರುತ್ತದಲ್ಲ, ಹಾಗೆ.

ಶುರು ಮಾಡೋಕೆ ನನ್ನ ಸಲಹೆ ಬಿಎಫ್ ಅನ್ನೋ ಭಾಷೆ. ಪೂರ್ತಿ ಹೆಸರಿನಲ್ಲಿ ಬೈಗುಳ ಇದೆ, ಗುಂಪಿನಲ್ಲಿ ಬೇಡ. 1993ರಲ್ಲಿ ಅರ್ಬನ್ ಮ್ಯುಲರ್ ಅನ್ನೋರು ಅಮಿಗಾ ಕಂಪ್ಯೂಟರಿಗೆ ಆದಷ್ಟು ಚಿಕ್ಕ ಕಂಪೈಲರ್ ಬರೆಯಬೇಕು ಅಂತ ಹಟ ಹಿಡಿದು ಮಾಡಿದ್ದು. ಆ ಕಂಪೈಲರ್ 300 ಬೈಟ್‌ಗೂ ಕಡಿಮೆ (ಒಂದು ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುವಷ್ಟು ಜಾಗ). ಅಷ್ಟು ಜಾಗದಲ್ಲಿ ನಾವು 100 ಕನ್ನಡ ಅಕ್ಷರವನ್ನೂ ತುಂಬಲಾರೆವು.

ಒಟ್ಟು ಎಂಟೇ ಚಿಹ್ನೆ. ಅಳಗುಳಿ ಮಣೆ ನೆನಪು ಮಾಡಿಕೊಳ್ಳಿ. ಉದ್ದಕ್ಕೆ 30,000 ಗುಳಿ, ಎಲ್ಲವೂ ಖಾಲಿ, ನಿಮ್ಮ ಬೆರಳು ಮೊದಲ ಗುಳಿಯ ಮೇಲೆ. + ಅಂದರೆ ಒಂದು ಹುಣಸೆ ಬೀಜ ಹಾಕು, - ಅಂದರೆ ಒಂದು ತೆಗೆ. > ಮುಂದಿನ ಗುಳಿ, < ಹಿಂದಿನ ಗುಳಿ. ಚುಕ್ಕಿ ಇಟ್ಟರೆ ಗುಳಿಯಲ್ಲಿರುವ ಸಂಖ್ಯೆ ಬೈಟ್ ಆಗಿ ಹೊರಗೆ ಹೋಗುತ್ತದೆ, ಅಲ್ಪವಿರಾಮ ಇಟ್ಟರೆ ಒಂದು ಬೈಟ್ ಒಳಗೆ ಬರುತ್ತದೆ. [ ಮತ್ತು ] ನಡುವೆ ಇರುವುದು ಬೆರಳಿನ ಕೆಳಗಿನ ಗುಳಿ ಖಾಲಿಯಾಗುವ ತನಕ ಮತ್ತೆ ಮತ್ತೆ ನಡೆಯುತ್ತದೆ. ಮುಗಿಯಿತು, ಭಾಷೆ ಪೂರ್ತಿ ಕಲಿತಿರಿ.

ಎಲ್ಲರೂ ಇಂಗ್ಲಿಷ್‌ನಲ್ಲಿ ‘ಹಲೋ’ ಬರೆಯುತ್ತಾರೆ. ನೀವು ‘ಅ’ ಬರೆಯಿರಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8ರಲ್ಲಿ ನಮ್ಮ ‘ಅ’ ಅಂದರೆ ಮೂರು ಬೈಟ್: 224, 178, 133. ಖಾಲಿ ಗುಳಿಯಿಂದ ಬೀಜ ತೆಗೆದರೆ ಏನಾಗುತ್ತದೆ? ಬಹಳಷ್ಟು ಇಂಟರ್‌ಪ್ರಿಟರ್‌ಗಳಲ್ಲಿ (ಕೋಡ್ ಓದಿ ಓಡಿಸುವ ಪ್ರೋಗ್ರಾಮ್‌ಗಳು) ಒಂದು ಗುಳಿ ಅಂದರೆ ಒಂದು ಬೈಟ್, ಹಾಗಾಗಿ ಮೀಟರ್ ಹಿಂದಕ್ಕೆ ತಿರುಗಿದ ಹಾಗೆ 255 ಆಗುತ್ತದೆ. ಅಂದರೆ 224 ಬೇಕಿದ್ದರೆ ಸೊನ್ನೆಯಿಂದ 32 ಕಳೆದರೆ ಸಾಕು:

++++[>--------<-]>.

ನಾಲ್ಕು ಸುತ್ತು, ಸುತ್ತಿಗೆ ಎಂಟು ಮೈನಸ್. ಇದರ ಹಿಂದೆಯೇ 46 ಮೈನಸ್ ಹಾಕಿ ಒಂದು ಚುಕ್ಕಿ, ಆಮೇಲೆ 45 ಮೈನಸ್ ಹಾಕಿ ಇನ್ನೊಂದು ಚುಕ್ಕಿ.

ನನಗೆ ಮೊದಲ ಸಲ ‘ಅ’ ಬರಲಿಲ್ಲ. ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಒಂದು ಪುಟ್ಟ 2 ಬಂತು. ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಕನ್ನಡ ಮೇಲ್ ಕೆಟ್ಟು ಬಂದಾಗ ಸಾಲುಗಟ್ಟಲೆ ಕಾಣೋದು ಅದೇ ಜೋಡಿ! ಕೋಡ್ ಸರಿ ಇತ್ತು, ಪರದೆ ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರ ಅಂದುಕೊಂಡಿತ್ತು. ವರ್ಷಗಟ್ಟಲೆ ಆ ಗೀಟಿನ ಎ ನೋಡಿ ಬೈದುಕೊಂಡಿದ್ದೆ, ಅದು 224 ಅಂತ ಗೊತ್ತಾದದ್ದು ಈ ಆಟದಿಂದ. ಟರ್ಮಿನಲ್ (ಪ್ರೋಗ್ರಾಮಿನ ಉತ್ತರ ಕಾಣುವ ಕಿಟಕಿ) ಯುಟಿಎಫ್-8ಕ್ಕೆ ಇಟ್ಟ ಮೇಲೆ ‘ಅ’ ಬಂತು. ರಾತ್ರಿ ಹನ್ನೊಂದೂವರೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. “ಇಷ್ಟಕ್ಕಾ?” ಅಂದಳು.

ಇಂಥ ಬೇರೆ ಭಾಷೆಗಳ ಬಗ್ಗೆ ಎರಡು ಮಾತು. ಮಾಲ್‌ಬೊಲ್ಜ್ ಈಗಲೇ ಮುಟ್ಟಬೇಡಿ. ಅದನ್ನು 1998ರಲ್ಲಿ ಬೆನ್ ಓಮ್‌ಸ್ಟೆಡ್ ಮಾಡಿದರು. ಅದರಲ್ಲಿ ಓಡುವ ಮೊದಲ ಪ್ರೋಗ್ರಾಮ್ ಬಂದದ್ದು 2000ದಲ್ಲಿ, ಅದೂ ಮನುಷ್ಯರು ಕೂತು ಬರೆದದ್ದಲ್ಲ, ಇನ್ನೊಂದು ಪ್ರೋಗ್ರಾಮ್ ಹುಡುಕಿ ತೆಗೆದದ್ದು. 2003ರ ಏಪ್ರಿಲ್ 1ರಂದು ಬಂದ ವೈಟ್‌ಸ್ಪೇಸ್ ಚೆನ್ನಾಗಿದೆ. ಅಲ್ಲಿ ಲೆಕ್ಕಕ್ಕೆ ಬರೋದು ಸ್ಪೇಸ್, ಟ್ಯಾಬ್, ಹೊಸ ಸಾಲು ಮಾತ್ರ. ಎಡಿಟರ್ ಸೇವ್ ಮಾಡುವಾಗ ಸಾಲಿನ ಕೊನೆಯ ಸ್ಪೇಸ್ ಅಳಿಸುವ ಸೆಟ್ಟಿಂಗ್ ಮೊದಲು ಆಫ್ ಮಾಡಿ. ನನ್ನ ಒಂದು ಭಾನುವಾರದ ಕೆಲಸ ಹಾಗೇ ಗುಡಿಸಿ ಹೋಯಿತು.

ಬಿಎಫ್‌ನಲ್ಲಿ ಎಂಟು ಚಿಹ್ನೆ ಬಿಟ್ಟು ಉಳಿದದ್ದೆಲ್ಲ ಟಿಪ್ಪಣಿ. ಹಾಗಾಗಿ ಕನ್ನಡದಲ್ಲೇ ನಡುನಡುವೆ ಬರೆದುಕೊಳ್ಳಬಹುದು. ಆದರೆ ವಾಕ್ಯದ ಕೊನೆಗೆ ಅಭ್ಯಾಸಬಲದಿಂದ ಚುಕ್ಕಿ ಇಟ್ಟರೆ ಅದೂ ಓಡುತ್ತದೆ, ಹುಷಾರು.

‘ಅ’ ಬಂದ ಮೇಲೆ ಅದೇ ಪ್ರೋಗ್ರಾಮಿನ ಕೊನೆಗೆ ‘ಆ’ ಸೇರಿಸಿ ನೋಡಿ. 133ರಿಂದ ಮತ್ತೆ 224ಕ್ಕೆ 91 ಪ್ಲಸ್ ಹತ್ತಬೇಕು, ಕೊನೆಯ ಬೈಟ್ 134. ಬಂದರೆ ಕೋಡ್ ಇಲ್ಲೇ ಹಾಕಿ. ಫೋನಿನಲ್ಲಿ ಟೈಪ್ ಮಾಡಬೇಡಿ, ಕೆಲವು ಕೀಬೋರ್ಡ್‌ಗಳು ಎರಡು ಮೈನಸ್ ಕಂಡರೆ ಸೇರಿಸಿ ಒಂದು ಉದ್ದ ಗೀಟು ಮಾಡಿಬಿಡುತ್ತವೆ. ಬಿಎಫ್ ಅದನ್ನು ಟಿಪ್ಪಣಿ ಅಂದುಕೊಂಡು ಸುಮ್ಮನೆ ದಾಟಿ ಹೋಗುತ್ತದೆ. ಎರರ್ ಕೂಡ ಕೊಡಲ್ಲ.