ದುಡ್ಡಿನ ಮಾತು: ಹೆದ್ರಿ ಮಾರಿದ ಎಐ ಶೇರನ್ನ ಮತ್ತೆ ತಗೊಳ್ಳಲಾ?

ಪ್ರಶ್ನೆ: ಮೇಡಂ, ನಾನು ಪ್ರೈವೇಟ್ ಸ್ಕೂಲ್ ಟೀಚರ್. ಸೈಟ್ ತಗೊಳ್ಳೋಕೆ ಅಂತ ಎತ್ತಿಟ್ಟಿದ್ದ ದುಡ್ಡಲ್ಲಿ 4 ಲಕ್ಷ ತೆಗ್ದು 2025ರ ಜನವರಿಲಿ ಒಂದು ಆ್ಯಪ್‌ನಲ್ಲಿ ಎಐ ಚಿಪ್ ಮಾಡೋ ಅಮೆರಿಕಾದ ಎನ್‌ವಿಡಿಯಾ ಕಂಪನಿ ಶೇರು ತಗೊಂಡೆ, ಆಗ 140 ಡಾಲರ್ ಚಿಲ್ರೆ ಇತ್ತು. ಒಂದೇ ವಾರಕ್ಕೆ ಚೀನಾದ ಡೀಪ್‌ಸೀಕ್ ಕಂಪನಿ ಕಮ್ಮಿ ಖರ್ಚಲ್ಲಿ ಎಐ ಮಾಡಿದೆ ಅಂತ ಸುದ್ದಿ ಬಂದು ಧಡಕ್ಕನೆ ಬಿತ್ತು. ಆದ್ರೂ ತಡ್ಕೊಂಡೆ, ಏಪ್ರಿಲ್‌ನಲ್ಲಿ ಟ್ರಂಪ್ ಟ್ಯಾರಿಫ್ ಗಲಾಟೆಲಿ 95ರ ಹತ್ರ ಬಂದಾಗ ನಿದ್ದೆನೇ ಇಲ್ಲ, ಜೂನ್‌ನಲ್ಲಿ ರಿಜಿಸ್ಟ್ರೇಷನ್ ಬೇರೆ ಇತ್ತು, ಮಾರ್ಬಿಟ್ಟೆ. ಅದೇ ಶೇರು ಅಕ್ಟೋಬರ್‌ನಲ್ಲಿ 200 ದಾಟ್ತು. ಮನೇಲಿ ಇವತ್ತಿಗೂ ಅದೇ ಮಾತು. ಮತ್ತೆ ತಗೊಳ್ಳಲಾ, ಇಲ್ಲ ಬೀಳೋವರೆಗೂ ಕಾಯ್ಲಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನೀವು ಮಾರಿದ್ದು ತಪ್ಪಲ್ಲ, ಮನೆಯವ್ರಿಗೂ ಇದನ್ನ ಓದಿ ಹೇಳಿ. ಜೂನ್‌ನಲ್ಲಿ ರಿಜಿಸ್ಟ್ರೇಷನ್ ಇಟ್ಕೊಂಡವ್ರು ಏಪ್ರಿಲ್‌ನಲ್ಲಿ ದುಡ್ಡು ಕೈಗೆ ತಗೊಳ್ಳಲೇಬೇಕು, ಅಕ್ಟೋಬರ್‌ನಲ್ಲಿ ಏನಾಗತ್ತೆ ಅಂತ ಅವತ್ತು ಯಾರಿಗೂ ಗೊತ್ತಿರ್ಲಿಲ್ಲ. ತಪ್ಪಾಗಿದ್ದು ಜನವರಿಲಿ, ಐದು ತಿಂಗಳಲ್ಲಿ ಬೇಕಾಗೋ ಸೈಟ್ ದುಡ್ಡನ್ನ ಇಂಥ ಶೇರಿಗೆ ಹಾಕಿದಾಗ.

ಯಾಕಂದ್ರೆ ಈ ಶೇರು ಏರೋದೂ ಇಳಿಯೋದೂ ಹಾಗೇನೇ. 2021ರ ನವೆಂಬರ್‌ನಿಂದ 2022ರ ಅಕ್ಟೋಬರ್ ಒಳಗೆ ಹತ್ರ ಹತ್ರ ಮೂರನೇ ಎರಡು ಭಾಗ ಕರಗಿತ್ತು, ಆಗ ಚಾಟ್‌ಜಿಪಿಟಿ ಇನ್ನೂ ಬಂದಿರ್ಲಿಲ್ಲ. 2025ರ ಜನವರಿ 27ರಂದು ಒಂದೇ ದಿನ 17 ಪರ್ಸೆಂಟ್ ಬಿದ್ದು ಸುಮಾರು 59,000 ಕೋಟಿ ಡಾಲರ್ ಬೆಲೆ ಹೋಯ್ತು, ಅಮೆರಿಕಾದ ಮಾರ್ಕೆಟ್‌ನಲ್ಲಿ ಅದುವರೆಗೂ ಯಾವ ಕಂಪನಿಗೂ ಒಂದು ದಿನಕ್ಕೆ ಅಷ್ಟು ಹೊಡ್ತ ಬಿದ್ದಿರ್ಲಿಲ್ಲ. ಕಮ್ಮಿ ಖರ್ಚಲ್ಲೇ ಎಐ ಮಾಡ್ಬಹುದಾದ್ರೆ ಇಷ್ಟೊಂದು ದುಬಾರಿ ಚಿಪ್ ಯಾರಿಗೆ ಬೇಕು ಅನ್ನೋ ಭಯ ಅಷ್ಟೇ. ಏಪ್ರಿಲ್ 9ಕ್ಕೆ ಟ್ರಂಪ್ ಟ್ಯಾರಿಫ್ ಮುಂದಕ್ಕೆ ಹಾಕಿದ್ರು ನೋಡಿ, ಅಮೆರಿಕಾದ ಟೆಕ್ ಶೇರುಗಳೇ ಜಾಸ್ತಿ ಇರೋ ನಾಸ್‌ಡ್ಯಾಕ್ ಸೂಚ್ಯಂಕ ಆ ಒಂದೇ ದಿನ 12 ಪರ್ಸೆಂಟ್ ಏರ್ತು. ಹಿಂದಿನ ದಿನ ಮಾರಿದವ್ರಿಗೆ ಅದು ಸಿಗ್ಲೇ ಇಲ್ಲ. ಹಾಗಾಗಿ ಬೀಳೋವರೆಗೂ ಕಾಯ್ಲಾ ಅನ್ನೋದಕ್ಕೆ ದಿನಾಂಕ ಹೇಳೋ ಶಕ್ತಿ ನನಗಿಲ್ಲ, ಹೇಳ್ತೀನಿ ಅಂತ ಬರೋವ್ರನ್ನ ನೀವು ನಂಬ್ಲೂಬೇಡಿ.

ಇನ್ನೊಂದು ಕಥೆ ಹೇಳ್ತೀನಿ, ಇದು ನನ್ನ ಮನಸ್ಸಲ್ಲಿ ಯಾವಾಗ್ಲೂ ಇರತ್ತೆ. 2000ದಲ್ಲಿ ಇಂಟರ್ನೆಟ್ ಅಂದ್ರೆ ಸಿಸ್ಕೋ ಕಂಪನಿ, ಅವ್ರ ರೂಟರ್ (ನೆಟ್‌ವರ್ಕ್ ಜೋಡಿಸೋ ಯಂತ್ರ) ಇಲ್ದೆ ಏನೂ ನಡೀತಿರ್ಲಿಲ್ಲ. ಮಾರ್ಚ್‌ನಲ್ಲಿ ಶೇರು 80 ಡಾಲರ್ ಮುಟ್ಟಿತ್ತು, ಎರಡೂವರೆ ವರ್ಷದಲ್ಲಿ 10 ಡಾಲರಿಗಿಂತ ಕೆಳಗೆ ಬಂತು. ಇಂಟರ್ನೆಟ್ ಸುಳ್ಳಾಗ್ಲಿಲ್ಲ, ಕಂಪನಿ ಮುಳುಗ್ಲಿಲ್ಲ, ಒಂದು ವರ್ಷ ಬಿಟ್ರೆ ಲಾಭನೂ ಮಾಡ್ತಾ ಹೋಯ್ತು, ಆದ್ರೆ ಆ ಹಳೇ ರೇಟ್ ಮತ್ತೆ ನೋಡೋಕೆ 2025ರ ಡಿಸೆಂಬರ್ ಬರ್ಬೇಕಾಯ್ತು. ಇಪ್ಪತ್ತೈದು ವರ್ಷ! ಎಐ ನಿಜವಾಗ್ಲೂ ಜಗತ್ತನ್ನ ಬದಲಾಯಿಸತ್ತಾ ಅನ್ನೋದು ಒಂದು ಪ್ರಶ್ನೆ, ಇವತ್ತಿನ ರೇಟಿಗೆ ತಗೊಂಡ್ರೆ ನಿಮಗೆ ಲಾಭ ಆಗತ್ತಾ ಅನ್ನೋದು ಪೂರಾ ಬೇರೆ ಪ್ರಶ್ನೆ. ಎನ್‌ವಿಡಿಯಾ ಬರೀ ಗಾಳಿ ಅಲ್ಲ, 2025ರ ಜನವರಿಗೆ ಮುಗಿದ ವರ್ಷದಲ್ಲಿ 13,000 ಕೋಟಿ ಡಾಲರ್ ವ್ಯಾಪಾರ ಮಾಡಿತ್ತು, ಹಿಂದಿನ ವರ್ಷದ ಎರಡರಷ್ಟಕ್ಕಿಂತ ಜಾಸ್ತಿ. ಆದ್ರೆ ಅದು ನಿಂತಿರೋದು ಮೈಕ್ರೋಸಾಫ್ಟ್, ಗೂಗಲ್, ಅಮೆಜಾನ್, ಮೆಟಾ ತರ ಕೆಲವೇ ಕಂಪನಿಗಳು ಡೇಟಾ ಸೆಂಟರಿಗೆ ಸುರಿಯೋ ದುಡ್ಡಿನ ಮೇಲೆ, ಅವ್ರು ಕೈ ಬಿಗಿ ಹಿಡಿದ್ರೆ ಇಲ್ಲಿ ಗೊತ್ತಾಗತ್ತೆ.

ನನ್ನ ಅಭಿಪ್ರಾಯ, ಆರು ತಿಂಗಳ ಮನೆಖರ್ಚು ಬ್ಯಾಂಕಲ್ಲಿ ಇದ್ದು, ಏಳೆಂಟು ವರ್ಷ ಮುಟ್ಟದೇ ಇರೋ ದುಡ್ಡು ಇದ್ರೆ ಮಾತ್ರ, ಅದ್ರಲ್ಲೂ ಹತ್ತರಲ್ಲೊಂದು ಪಾಲು, ಒಂದೇ ಶೇರಿಗಲ್ಲ, ನಾಸ್‌ಡ್ಯಾಕ್ 100 ತರದ ಇಂಡೆಕ್ಸಿಗೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ. ನಮ್ಮಲ್ಲಿ ಸಿಗೋ ಇಟಿಎಫ್ (ಶೇರಿನ ತರ ಮಾರ್ಕೆಟ್‌ನಲ್ಲೇ ಸಿಗೋ ಫಂಡ್) ತಗೊಳ್ಳೋ ಮುಂಚೆ ಎನ್‌ಎವಿ (ಅದರೊಳಗಿರೋ ಶೇರುಗಳ ಬೆಲೆ) ಎಷ್ಟು, ಮಾರ್ಕೆಟ್ ರೇಟ್ ಎಷ್ಟು ಅಂತ ನೋಡಿ. ಮ್ಯೂಚುವಲ್ ಫಂಡ್‌ಗಳು ವಿದೇಶದಲ್ಲಿ ಹಾಕೋಕೆ ಇರೋ ಮಿತಿಯಿಂದಾಗಿ ಕೆಲವು ಇಟಿಎಫ್ ಒಳಗಿನ ಬೆಲೆಗಿಂತ ಎಷ್ಟೋ ಜಾಸ್ತಿಗೆ ಮಾರಾಟ ಆಗ್ತಿರತ್ವೆ.

ಹಾಂ, ನಿಮಗಾದ ನಷ್ಟ ಲೆಕ್ಕ ಹಾಕಿದ್ರೆ 1.3 ಲಕ್ಷದ ಹತ್ರ ಬರತ್ತೆ, ಅದನ್ನ ಹಾಗೇ ಬಿಡ್ಬೇಡಿ. 2025-26ರ ರಿಟರ್ನ್‌ನಲ್ಲಿ ಟೈಮಿಗೆ ಸರಿಯಾಗಿ ತೋರಿಸಿದ್ರೆ ಮುಂದಿನ ಎಂಟು ವರ್ಷದ ಕ್ಯಾಪಿಟಲ್ ಗೇನ್ಸ್ (ಶೇರು, ಆಸ್ತಿ ಮಾರಿ ಬಂದ ಲಾಭ) ಜೊತೆ ಹೊಂದಿಸ್ಕೋಬಹುದು. ಐಟಿಆರ್-1 ಫಾರ್ಮ್ ಆಗಲ್ಲ, ಐಟಿಆರ್-2 ಬೇಕು, ಶೇರು ಮಾರಿದ್ರೂ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ತುಂಬ್ಲೇಬೇಕು.

ಪ್ರಶ್ನೆ: ಬೆಂಗಳೂರಲ್ಲಿ ಅಮೆರಿಕಾದ ಚಿಪ್ ಕಂಪನಿಲಿ ಕೆಲ್ಸ. ಆರ್‌ಎಸ್‌ಯು (ಸಂಬಳದ ಜೊತೆ ಕಂಪನಿ ಕೊಡೋ ಶೇರು) ಬಂದಿದ್ದೆಲ್ಲ ಹಾಗೇ ಇಟ್ಟಿದೀನಿ, ಈಗ ನನ್ನ ಒಟ್ಟು ಉಳಿತಾಯದ ಮುಕ್ಕಾಲು ಭಾಗ ಅದೇ. ಎಐ ಬೂಮ್ ಇರೋವಾಗ ಯಾಕೆ ಮಾರ್ಬೇಕು?
– ಓದುಗರು, ವೈಟ್‌ಫೀಲ್ಡ್

ಉತ್ತರ: ಸಂಬಳ ಅಲ್ಲಿಂದ, ಬೋನಸ್ ಅಲ್ಲಿಂದ, ಹೋಮ್ ಲೋನ್ ಇಎಂಐ ಆ ಸಂಬಳದಿಂದ, ಉಳಿತಾಯನೂ ಅದೇ ಕಂಪನಿಲಿ. ಚಿಪ್ ವ್ಯಾಪಾರ ಕುಗ್ಗಿದ್ರೆ ಶೇರು ಬೀಳೋ ತಿಂಗಳೇ ಲೇಆಫ್ ಕೂಡ ಬರ್ಬಹುದು. ನಿಮ್ಮನ್ನ ಒಂದು ಕೇಳ್ತೀನಿ, ಇವತ್ತು ಕಂಪನಿ ಶೇರಿನ ಬದ್ಲು ಅಷ್ಟೂ ದುಡ್ಡನ್ನ ಅಕೌಂಟಿಗೆ ಹಾಕಿದ್ರೆ ನೀವಾಗೇ ಹೋಗಿ ಅದೇ ಶೇರು ತಗೊಳ್ತಿದ್ರಾ? ಇಲ್ಲ ಅಂದ್ರೆ ಪ್ರತಿ ಸಲ ವೆಸ್ಟ್ ಆದಾಗ, ಅಂದ್ರೆ ಶೇರು ನಿಮ್ಮ ಹೆಸರಿಗೆ ಬಂದಾಗ, ಒಂದಿಷ್ಟು ಮಾರ್ತಾ ಬನ್ನಿ, ವೆಸ್ಟ್ ಆದಾಗ್ಲೇ ಸಂಬಳದ ಲೆಕ್ಕದಲ್ಲಿ ಟ್ಯಾಕ್ಸ್ ಕಟ್ಟಿರ್ತೀರಿ, ತಕ್ಷಣ ಮಾರಿದ್ರೆ ಹೆಚ್ಚುಕಮ್ಮಿ ಏನೂ ಬೀಳಲ್ಲ. 24 ತಿಂಗಳು ದಾಟಿರೋ ಹಳೇದಕ್ಕೆ ಲಾಭದ ಮೇಲೆ 12.5 ಪರ್ಸೆಂಟ್ ಟ್ಯಾಕ್ಸ್.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ಅಮೆರಿಕಾದಲ್ಲಿ ವಾಸ ಇಲ್ಲದವ್ರ ಹತ್ರ 60,000 ಡಾಲರಿಗಿಂತ ಜಾಸ್ತಿ ಅಲ್ಲಿನ ಶೇರು ಇದ್ದು ಅವ್ರು ತೀರ್ಕೊಂಡ್ರೆ, ಮೇಲಿನದ್ದಕ್ಕೆ 40 ಪರ್ಸೆಂಟ್‌ವರೆಗೂ ಎಸ್ಟೇಟ್ ಟ್ಯಾಕ್ಸ್ ಬೀಳತ್ತೆ. ಹೆಂಡ್ತಿ ಮಕ್ಕಳಿಗೆ ಅಕೌಂಟ್ ಎಲ್ಲಿದೆ ಅನ್ನೋದಾದ್ರೂ ಗೊತ್ತಿದ್ಯಾ ನೋಡ್ಕೊಳ್ಳಿ.

ಪ್ರಶ್ನೆ: ನಮಸ್ಕಾರ್ರೀ. ನಮ್ಮ ತಮ್ಮ ಒಂದು ವಾಟ್ಸಾಪ್ ಗ್ರೂಪಿಗೆ ಸೇರ್ಯಾನ್ರಿ. ಎಐ ರೋಬೋಟ್ ತಾನ ಶೇರ್ ತಗೊಂಡು ಮಾರತೈತಿ, ದಿನಾ 3 ಪರ್ಸೆಂಟ್ ಗ್ಯಾರಂಟಿ ಅಂತಾರ್ರಿ. ಆ್ಯಪ್‌ನ್ಯಾಗ 2 ಲಕ್ಷದ್ದು 5 ಲಕ್ಷ ತೋರಸಾಕತ್ತೈತಿ, ತೆಗೀಲಿಕ್ಕೆ ಹೋದ್ರ ಮೊದಲ 60 ಸಾವಿರ ಟ್ಯಾಕ್ಸ್ ಕಟ್ಟು ಅಂತಾರ. ಕಟ್ಟಬೇಕೇನ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಅಕ್ಕಾರ, ಒಂದು ರೂಪಾಯಿನೂ ಕಟ್ಟಬ್ಯಾಡ್ರಿ. ಆ್ಯಪ್‌ನಲ್ಲಿ ತೋರಿಸೋ 5 ಲಕ್ಷ ಬರೀ ಅಂಕಿ, ಎಲ್ಲೂ ಶೇರು ತಗೊಂಡಿಲ್ಲ. ನಿಮ್ಮ ದುಡ್ಡು ನಿಮಗೆ ವಾಪಸ್ ಕೊಡೋಕೆ ಮೊದ್ಲು ಟ್ಯಾಕ್ಸ್ ಕಟ್ಟಿ ಅಂತ ಯಾವ ನಿಜವಾದ ಬ್ರೋಕರ್ ಕೂಡ ಕೇಳಲ್ಲ, ಶೇರಲ್ಲಿ ಗ್ಯಾರಂಟಿ ಲಾಭ ಅನ್ನೋದಕ್ಕೆ ಮಾರ್ಕೆಟ್ ನೋಡ್ಕೊಳ್ಳೋ ಸಂಸ್ಥೆ ಸೆಬಿಯ ನಿಯಮದಲ್ಲಿ ಅವಕಾಶನೇ ಇಲ್ಲ. ಗ್ರೂಪಲ್ಲಿ ದೊಡ್ಡವ್ರ ವಿಡಿಯೋ ಬಂದಿದ್ರೆ ಅದನ್ನೂ ನಂಬ್ಬೇಡಿ, 2024ರಲ್ಲಿ ಶೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಮುಖ್ಯಸ್ಥರ ಮುಖ, ದನಿ ಕದ್ದು ಡೀಪ್‌ಫೇಕ್ ವಿಡಿಯೋ ಮಾಡಿದ್ರು, ಎನ್‌ಎಸ್‌ಇನೇ ಎಚ್ಚರಿಕೆ ಕೊಡ್ಬೇಕಾಯ್ತು.

ಇದನ್ನ ಓದಿದ ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಮ್ಮನ ಕೈಲೇ ಫೋನ್ ಮಾಡಿಸಿ, ದುಡ್ಡು ಹೋದ ಅಕೌಂಟ್ ನಂಬರ್, ಯುಪಿಐ ಐಡಿ, ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲ ಇಟ್ಕೊಂಡಿರ್ಲಿ, ಬ್ಯಾಂಕಿಗೂ ಹೇಳಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ಆ ಅಕೌಂಟ್ ಫ್ರೀಜ್ ಆಗೋ ಚಾನ್ಸ್ ಜಾಸ್ತಿ. ತಮ್ಮನನ್ನ ಬೈಬ್ಯಾಡ್ರಿ, ಬೈದ್ರೆ ಮುಚ್ಚಿಟ್ಟು ಆ 60 ಸಾವಿರನೂ ಕಟ್ಟಿಬಿಡ್ತಾನೆ.