ಅಂಬಾಸಿಡರ್ ಬಾಗಿಲು ಇಳಿದಿದ್ದರೆ ಮೊದಲು ಸ್ಟ್ರೈಕರ್ ಮುಟ್ಟಬೇಡಿ

ನಮಸ್ಕಾರ ಸರ್. ನಿಮ್ಮ 1984ರ ಅಂಬಾಸಿಡರ್ ಮಾರ್ಕ್ 4 ಕಾರಿನ ಫೋಟೋ ನೋಡಿದೆ. ಡ್ರೈವರ್ ಬಾಗಿಲು ಇಳಿದಿದೆ, ಎತ್ತಿ ಹಾಕಬೇಕು, ಗ್ಯಾರೇಜಿನವರು ಸ್ಟ್ರೈಕರ್ (ಬಾಗಿಲ ಲಾಕ್ ಬಂದು ಸಿಕ್ಕಿಕೊಳ್ಳುವ, ಬಾಡಿಯ ಮೇಲಿನ ತುಂಡು) ಇಳಿಸಿ ಕೊಟ್ಟರು, ಆರೇ ತಿಂಗಳಿಗೆ ಮತ್ತೆ ಅದೇ ಪಾಡು ಅಂತ ಬರೆದಿದ್ದೀರಿ. ನಮ್ಮ ತಂದೆಯವರ ಗಾಡಿಗೂ ಹೀಗೇ ಆಗಿತ್ತು. ಎರಡು ಸಲ ಸ್ಟ್ರೈಕರ್ ಇಳಿಸಿಸಿದೆವು, ಮೂರನೇ ಸಲ ಅರ ಹಾಕಿ ಉಜ್ಜಿಸಿದೆವು. ಆಮೇಲೆ ಒಂದು ದಿನ ಘಾಟಿಯ ತಿರುವಿನಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ಅಪ್ಪ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬಾಗಿಲು ಹಿಡಿದು ಗಾಡಿ ನಿಲ್ಲಿಸಿದರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸ್ಟ್ರೈಕರ್ ಇರುವುದು ಮುಚ್ಚಿದ ಬಾಗಿಲನ್ನು ಹಿಡಿದುಕೊಳ್ಳಲು. ಭಾರ ಹೊರಬೇಕಾದ್ದು ಹಿಂಜ್, ಅಂದರೆ ಬಾಗಿಲು ತಿರುಗುವ ಕೀಲು. ಹಿಂಜ್ ಸೋತಾಗ ಸ್ಟ್ರೈಕರ್ ಇಳಿಸಿದರೆ ಬಾಗಿಲು ಇನ್ನೂ ಇಳಿಯುತ್ತದೆ, ಅಷ್ಟೆ.

ಮೊದಲು ಎಲ್ಲಿ ಅಲುಗಾಡುತ್ತಿದೆ ಅಂತ ಹುಡುಕಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಬಾಗಿಲು ಅರ್ಧ ತೆರೆದು, ಲಾಕ್ ಇರುವ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿ ಇಳಿಸಿ. ಇನ್ನೊಬ್ಬರು ಟಾರ್ಚ್ ಹಿಡಿದು ಹಿಂಜ್ ಮೇಲೇ ಕಣ್ಣಿಡಲಿ. ಹಿಂಜ್‌ನ ಎರಡು ಎಲೆಗಳ ನಡುವೆ ಆಟ ಕಂಡರೆ ಅವನ್ನು ಪೋಣಿಸಿದ ಕಡ್ಡಿ, ಅಂದರೆ ಪಿನ್, ಸವೆದಿದೆ. ಹಿಂಜ್ ಪೂರ್ತಿ, ಅದನ್ನು ಕೂರಿಸಿದ ಬಾಡಿಯ ಕಂಬದ ಮೇಲೆ ಜರುಗಿದರೆ ಸ್ಕ್ರೂ ಸಡಿಲ. ಹಿಂಜ್ ಜೊತೆ ಕಂಬದ ತಗಡೇ ಉಸಿರಾಡಿದ ಹಾಗೆ ಒಳಗೆ ಹೊರಗೆ ಆದರೆ ಅಲ್ಲಿ ಬಿರುಕು ಇದೆ. ಏನೂ ಅಲುಗಾಡದೆ ಬಾಗಿಲು ಮಾತ್ರ ಕೆಳಗೆ ಕೂತಿದ್ದರೆ ಸಂಶಯ ಬಾಡಿಯ ಮೇಲೆ.

ನಿಮ್ಮದು ಪಿನ್ ಇರಬೇಕು ಅಂತ ನನ್ನ ಅಂದಾಜು. ಡ್ರೈವರ್ ಬಾಗಿಲೇ ದಿನಕ್ಕೆ ಜಾಸ್ತಿ ಸಲ ತೆರೆಯುವುದು. ವಯಸ್ಸಾದವರು ಬಾಗಿಲ ಮೇಲೆ ಭಾರ ಹಾಕಿ ಎದ್ದು ಇಳಿಯುತ್ತಾರೆ ಬೇರೆ. ಲೆಕ್ಕ ನೋಡಿ: ಎರಡು ಹಿಂಜ್ ನಡುವೆ 30 ಸೆಂಟಿಮೀಟರ್, ಬಾಗಿಲ ಉದ್ದ 90 ಅಂತ ಇಟ್ಟುಕೊಳ್ಳಿ. ಮೇಲಿನ ಹಿಂಜ್‌ನಲ್ಲಿ 1 ಮಿಲಿಮೀಟರ್ ಸವೆದರೆ ಲಾಕ್ ಹತ್ತಿರ 3 ಮಿಲಿಮೀಟರ್ ಇಳಿಯುತ್ತದೆ. ಪಿನ್ ಕಡೆ ಕಣ್ಣಿಗೆ ಕಾಣದ ಸವೆತ, ಲಾಕ್ ಕಡೆ ದೊಡ್ಡ ತಲೆನೋವು.

ಪಿನ್ ತೆಗೆಯುವ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬಾಗಿಲ ಕೆಳಗೆ ಜಾಕಿ, ಅದರ ಮೇಲೆ ಮರದ ತುಂಡು, ಅದರ ಮೇಲೆ ಹಳೇ ಟವೆಲ್. ಒಂದು ಸಲಕ್ಕೆ ಒಂದೇ ಹಿಂಜ್ ಬಿಚ್ಚಿ. ಪಿನ್ ಹೊರಗೆ ಬಂದ ಮೇಲೆ ಉಗುರು ಹಾಕಿ ಸವರಿ ನೋಡಿ. ನಮ್ಮದರಲ್ಲಿ ನಡು ಭಾಗ ಒಂದು ಬದಿಗೆ ಸವೆದು ಸೊಂಟ ಕಟ್ಟಿದ ಹಾಗಿತ್ತು, ಹಿಂಜ್‌ನ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ತೂತು ಹಾಗಾಗಿದ್ದರೆ ಅದೇ ಅಳತೆಯ ಹೊಸ ಪಿನ್ ಹಾಕಿ ಪ್ರಯೋಜನ ಇಲ್ಲ. ಲೇತ್ ಅಂಗಡಿಗೆ ಹಿಂಜ್ ಕೊಟ್ಟು ತೂತನ್ನು ರೀಮರ್ ಹಾಕಿ ದುಂಡಗೆ ಮಾಡಿಸಿ, ಆ ಅಳತೆಗೆ ದಪ್ಪ ಪಿನ್ ಕಡೆಸಿ. ತೂತಿನ ಸುತ್ತ ಲೋಹ ಸಾಕಷ್ಟಿದ್ದರೆ ಗನ್‌ಮೆಟಲ್ ಬುಶ್ (ಪಿನ್ ಸುತ್ತ ಕೂರುವ ಕಂಚಿನ ಜಾತಿಯ ಸಣ್ಣ ಕೊಳವೆ) ಕೂರಿಸುವುದು ಇನ್ನೂ ಒಳ್ಳೆಯದು. ಮುಂದೆ ಸವೆದಾಗ ಬುಶ್ ಮಾತ್ರ ಬದಲಿಸಬಹುದು. ತೂತಿನ ಬಾಯಿಗೆ ವೆಲ್ಡಿಂಗ್ ಚುಕ್ಕೆ ಇಟ್ಟು ಬಿಗಿ ಮಾಡುತ್ತೇವೆ ಅಂದರೆ ದಯವಿಟ್ಟು ಒಪ್ಪಬೇಡಿ.

ಬಾಗಿಲ ಕೆಳಗೆ ಮರ ಕೊಟ್ಟು ತುದಿಯನ್ನು ಎತ್ತಿ ಬಗ್ಗಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಸವೆದ ಪಿನ್ ಅದರಿಂದ ತುಂಬುವುದಿಲ್ಲ, ಕಂಬದ ತಗಡು ಹರಿಯಬಹುದು.

ಇನ್ನು ಬಾಡಿ. ಅಂಬಾಸಿಡರ್‌ಗೆ ಬೇರೆ ಚಾಸಿಸ್, ಅಂದರೆ ಅಡಿಯಲ್ಲಿ ಭಾರ ಹೊರುವ ಚೌಕಟ್ಟು, ಇಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಬಂದ ಗಾಡಿ ಇದು, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಡಬ್ಬಿಯಂಥ ಸಿಲ್ ಕೊಳೆತರೆ ಗಾಡಿಯ ನಡು ಕುಗ್ಗಿ, ಕಂಬಗಳ ತಲೆ ಒಂದರ ಕಡೆ ಒಂದು ವಾಲುತ್ತದೆ. ಆಗಲೂ ಬಾಗಿಲ ಹಿಂದಿನ ಮೇಲ್ಮೂಲೆಯ ಸಂದು ಕಿರಿದಾಗುತ್ತದೆ. ಪಿನ್ ಸವೆದರೂ ಅದೇ ಲಕ್ಷಣ, ಮೋಸ ಹೋಗುವುದು ಇಲ್ಲೇ. ನೀವು ಕುಂದಾಪುರದಲ್ಲಿದ್ದೀರಿ, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಹಾಗಾಗಿ ಇದನ್ನು ನೋಡಲೇಬೇಕು. ಬಾಗಿಲು ಮುಚ್ಚಿ, ಜಾಕ್ ಕೊಡುವ ಜಾಗದಲ್ಲಿ ಜಾಕಿ ಇಟ್ಟು ಮೆಲ್ಲಗೆ ಏರಿಸಿ. ಸಂದು ಎದ್ದು ಕಾಣುವ ಹಾಗೆ ಬದಲಾದರೆ ಸಿಲ್ ಸೋತಿದೆ. ಆಮೇಲೆ ಕಾರ್ಪೆಟ್ ಎತ್ತಿ, ಸ್ಕ್ರೂ ಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಸಿಲ್ ಕೆಲಸ ಮಾಡಿಸುವುದಾದರೆ, ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಬೆಸೆದು ಅಳತೆ ನಿಲ್ಲಿಸಲೇಬೇಕು. ಟಿಂಕರ್ ಅದನ್ನು ಮಾಡಲ್ಲ ಅಂದರೆ ಬೇರೆಯವರನ್ನು ಹುಡುಕಿ. ಹಿಂಜ್ ರಿಪೇರಿ ಅದಾದ ಮೇಲೇ.

ಕೊನೆಗೆ ಜೋಡಣೆ. ಸ್ಟ್ರೈಕರ್ ಬಿಚ್ಚಿಟ್ಟು ಶುರು ಮಾಡಿ, ಆಗಲೇ ಬಾಗಿಲು ನಿಜವಾಗಿ ಎಲ್ಲಿ ನೇತಾಡುತ್ತಿದೆ ಅಂತ ಗೊತ್ತಾಗುವುದು. ಹಿಂಜ್ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಹಿಂದಿನ ಬಾಗಿಲೂ ಇಳಿದಿದ್ದರೆ ಮೊದಲು ಅದು, ಆಮೇಲೆ ಮುಂದಿನದು. ಹಿಂದಿನ ಬಾಗಿಲಿಗೆ ಅಳತೆ ಅಲುಗಾಡದ ಬಾಡಿ, ಮುಂದಿನದಕ್ಕೆ ಅಳತೆ ಹಿಂದಿನ ಬಾಗಿಲು. ಸ್ಕ್ರೂ ಪೂರ್ತಿ ಬಿಚ್ಚದೆ ಸ್ವಲ್ಪ ಸಡಿಲಿಸಿ, ಜಾಕಿಯಿಂದ ಒಂದು ಕೂದಲಷ್ಟು ಎತ್ತಿ, ಬಿಗಿದು, ಮುಚ್ಚಿ ನೋಡಿ. ಹತ್ತು ಸಲ ಮಾಡಬೇಕಾಗಬಹುದು, ಬೇಸರ ಬೇಡ. ಬಾಗಿಲ ಸುತ್ತ ಹಾಕಿದ ಹೊಸ ರಬ್ಬರ್ ಬೀಡಿಂಗ್ ದಪ್ಪ ಇದ್ದರೆ ಬಾಗಿಲು ಹೊರಗೆ ಉಬ್ಬಿ ನಿಲ್ಲುತ್ತದೆ, ಅದನ್ನು ಇಳಿದದ್ದು ಅಂದುಕೊಂಡು ಹಿಂಜ್ ಮುಟ್ಟಬೇಡಿ. ಬಾಗಿಲು ಅತಿಯಾಗಿ ತೆರೆಯದಂತೆ ತಡೆಯುವ ಚೆಕ್ ಸ್ಟ್ರಾಪ್ ತುಂಡಾಗಿದ್ದರೆ ಈಗಲೇ ಹಾಕಿಸಿ. ಅದಿಲ್ಲದೆ ಗಾಳಿಗೆ ಬಾಗಿಲು ಒಮ್ಮೆ ಪೂರ್ತಿ ಬೀಸಿದರೂ ಹಿಂಜ್ ಬಾಗಬಹುದು. ಬಾಗಿಲ ಅಡಿಯ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ.

ಎಲ್ಲ ಆದ ಮೇಲೆ ಸ್ಟ್ರೈಕರ್ ಹಾಕಿ. ಎರಡು ಬೆರಳಲ್ಲಿ ತಳ್ಳಿದರೆ ಬಾಗಿಲು ಮೇಲೆ ಏಳದೆ, ಕೆಳಗೆ ಬೀಳದೆ ನೇರ ಒಳಗೆ ಹೋಗಬೇಕು. ಹಿಂಜ್‌ನ ಹತ್ತಿರದ ಫೋಟೋ ಒಂದು ಹಾಕಿ, ಬಾಗಿಲು ಎತ್ತಿ ಹಿಡಿದಾಗ ಒಂದು, ಬಿಟ್ಟಾಗ ಒಂದು. ನೋಡಿ ಹೇಳುತ್ತೇನೆ.