ಬಲೂಚಿಸ್ತಾನದ ಬರಡು ಬೆಟ್ಟಗಳಲ್ಲಿ ಬ್ರಿಟಿಷರು ಅಷ್ಟು ಖರ್ಚು ಮಾಡಿ ರೈಲು ಹಾಕಿದ್ದು ಯಾಕೆ?

ರಷ್ಯಾದ ಭಯಕ್ಕೆ. ಅಫ್ಘಾನಿಸ್ತಾನದ ಕಡೆಯಿಂದ ರಷ್ಯಾ ಬಂದರೆ ಕಂದಹಾರಕ್ಕೆ ಬೇಗ ಸೈನ್ಯ ಮುಟ್ಟಿಸಬೇಕಿತ್ತು. ವ್ಯಾಪಾರ, ಪ್ರಯಾಣಿಕರು ಎಲ್ಲ ಆಮೇಲಿನ ಮಾತು.

ಸೈನಿಕರು ಹೇಗೋ ನಡೆದು ಹೋಗುತ್ತಾರೆ, ಅವರ ಊಟ ಹೋಗಬೇಕಲ್ವಾ? ಅಲ್ಲೇ ಇದ್ದದ್ದು ತೊಂದರೆ. ಆ ಸೀಮೆಯಲ್ಲಿ ನೀರೂ ಕಡಿಮೆ, ಮೇವೂ ಕಡಿಮೆ. ಹಾಗಾಗಿ ದಾರಿ ಉದ್ದವಾದಷ್ಟೂ ಒಂಟೆ ಹೊತ್ತ ಹೊರೆಯಲ್ಲಿ ಒಂಟೆಯ ಮೇವಿನ ಪಾಲೇ ಜಾಸ್ತಿಯಾಗಿ ಸೈನಿಕನಿಗೆ ಉಳಿಯೋದು ಕಡಿಮೆಯಾಗುತ್ತದೆ. 1878-80ರ ಅಫ್ಘಾನ್ ಯುದ್ಧದಲ್ಲಿ ಸಾವಿರಾರು ಒಂಟೆಗಳು ದಾರಿಯಲ್ಲೇ ಸತ್ತವು. ರೈಲಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

1885ರಲ್ಲಿ ಅಫ್ಘಾನಿಸ್ತಾನದ ಉತ್ತರ ಗಡಿಯ ಪಂಜ್‌ದೇಹ್‌ನಲ್ಲಿ ರಷ್ಯನ್ನರು ಅಫ್ಘಾನ್ ಪಡೆಯನ್ನು ಹೊಡೆದೋಡಿಸಿದ ಮೇಲೆ ಕೆಲಸಕ್ಕೆ ನಿಜವಾದ ವೇಗ ಬಂತು. 1887ಕ್ಕೆ ರೈಲು ಕ್ವೆಟ್ಟಾ ತಲುಪಿತು. ಆಮೇಲೆ ಖೋಜಕ್ ಬೆಟ್ಟ ಕೊರೆದು ಸುಮಾರು 4 ಕಿಲೋಮೀಟರ್ ಸುರಂಗ ಮಾಡಿದರು. (ಪಾಕಿಸ್ತಾನದ ಹಳೇ 5 ರೂಪಾಯಿ ನೋಟಿನ ಹಿಂದೆ ಇದೇ ಸುರಂಗದ ಬಾಯಿ ಇತ್ತು.)

ಸುರಂಗ ದಾಟಿದರೆ ಚಮನ್, ಅಲ್ಲಿಗೆ ಹಳಿ ಮುಗಿಯಿತು. ಮುಂದೆ ಅಫ್ಘಾನ್ ನೆಲ. ಆದರೂ ಕಂದಹಾರದವರೆಗೆ ಹಾಕುವಷ್ಟು ಹಳಿ, ಸ್ಲೀಪರ್ ಎಲ್ಲ ಚಮನ್‌ನಲ್ಲೇ ರಾಶಿ ಹಾಕಿಟ್ಟುಕೊಂಡಿದ್ದರು. ಯುದ್ಧ ಶುರುವಾದರೆ ಜೋಡಿಸುತ್ತಾ ಹೋಗೋದಷ್ಟೇ. ರಷ್ಯಾ ಬರಲೇ ಇಲ್ಲ, ಬಿಡಿ. ಆದರೆ ಅಫ್ಘಾನ್ ಅಮೀರ್ ಅಬ್ದುರ್ ರಹಮಾನ್‌ಗೆ ಆ ಸುರಂಗ ತನ್ನ ಹೊಟ್ಟೆಗೇ ಚೂರಿ ಹಾಕಿದಂತೆ ಅನಿಸಿತ್ತು. ತನ್ನ ಜನ ಆ ರೈಲು ಹತ್ತೋದೇ ಅವನಿಗೆ ಇಷ್ಟವಿರಲಿಲ್ಲ.